ಒಂದು ಚಿಟಿಕೆ ಎಲುಬಿನ ಪುಡಿ

ನಮ್ಮ ದ್ವೀಪದಲ್ಲಿ ಸಂಜೆ ಐದೂಕಾಲಿಗೆ ಯಾರೂ ಹೊಸ್ತಿಲ ಮೇಲೆ ಕೂರುವುದಿಲ್ಲ. ಕೂತರೆ ಬೀಳುತ್ತಾರೆ. ಅದು ಹಕ್ಕಿಗಳು ನಡೆದು ಹೋಗುವ ಹೊತ್ತು. ಹಕ್ಕಿಗಳು ಇಲ್ಲವಾಗಿ ಮುನ್ನೂರು ವರ್ಷವಾಯಿತು. ಕೊನೆಯದನ್ನು ಯಾವುದೋ ಹಡಗಿನವರು ಸುಟ್ಟು ತಿಂದು ಹೋದರಂತೆ, ಹಾಳಾದವರು. ಹಕ್ಕಿ ಹೋಯಿತು, ನಡಿಗೆ ಉಳಿಯಿತು. ಮೇಲ್ಕೇರಿಯಲ್ಲಿ ದೊಡ್ಡ ಹೆಜ್ಜೆ, ಊಟದ ತಟ್ಟೆಯಷ್ಟು ಅಗಲ, ಧಪ್ ಧಪ್ ಎಂದು. ಕೆಳಕೇರಿಯಲ್ಲಿ ಸಣ್ಣ ಹೆಜ್ಜೆ, ಅಂಗೈಯಷ್ಟು, ಟಪ ಟಪ ಎಂದು. ಮುಂದಿನ ಬಾಗಿಲಿನಿಂದ ಬಂದು ಹಿತ್ತಿಲ ಬಾಗಿಲಿನಿಂದ ಹೋಗುತ್ತವೆ. ಹಾಗಾಗಿ ನಮ್ಮಲ್ಲಿ ಯಾರು ಮನೆ ಕಟ್ಟಿದರೂ ಎರಡು ಬಾಗಿಲುಗಳನ್ನು ಒಂದೇ ನೇರಕ್ಕೆ ಇಡುತ್ತಾರೆ, ಐದು ಗಂಟೆಗೆ ಹಪ್ಪಳ ಎತ್ತುತ್ತಾರೆ, ಮಲಗಿದ ಮಗುವನ್ನು ಗೋಡೆಬದಿಗೆ ಸರಿಸುತ್ತಾರೆ. ಒಮ್ಮೆ ಜನಗಣತಿಗೆಂದು ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ನಮ್ಮ ಜಗಲಿಯಲ್ಲಿ ಕಾಲು ಚಾಚಿ ಬರೆಯುತ್ತಾ ಕೂತಿದ್ದರು. ಐದೂಕಾಲು ಕಳೆದಾಗ ಅವರು ಅಂಗಳದ ತುಳಸಿಕಟ್ಟೆಯ ಹತ್ತಿರ ಇದ್ದರು. ಅಲ್ಲಿಗೆ ಹೇಗೆ ಹೋದೆ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅತ್ತಿಗೆ ಅವರಿಗೆ ಬೆಲ್ಲ ನೀರು ಕೊಟ್ಟರು.

ಈ ಹೆಜ್ಜೆಯ ಮೇಲೆಯೇ ನಮ್ಮ ಊರಿನ ಎಲ್ಲ ರೀತಿ ರಿವಾಜು. ಮೇಲ್ಕೇರಿಯವರು ನಾವು ಹಿರಿಹೆಜ್ಜೆಯವರು. ನಮ್ಮ ಹಕ್ಕಿ ಅರಸು. ಕೆಳಕೇರಿಯವರು ಕಿರಿಹೆಜ್ಜೆಯವರು, ಅವರ ಹಕ್ಕಿ ದಳವಾಯಿ. ಅರಸು ಕೂತು ತಿಂದದ್ದೇ ಬಂತು, ಕಾದಾಡಿದ್ದೆಲ್ಲ ದಳವಾಯಿ ಎನ್ನುತ್ತಾರೆ ಅವರು. ಆ ದಳವಾಯಿಗೆ ಅನ್ನ ಹಾಕಿದ್ದು ಯಾರು ಎನ್ನುತ್ತೇವೆ ನಾವು. ಎರಡೂ ಕೇರಿಯವರು ಒಂದೇ ಬಾವಿಯ ನೀರು ಕುಡಿಯುತ್ತೇವೆ, ಒಂದೇ ದೋಣಿಯಲ್ಲಿ ಮೀನಿಗೆ ಹೋಗುತ್ತೇವೆ, ಅವರ ಮನೆಯ ಬಾಣಂತಿಗೆ ನಮ್ಮ ಮನೆಯಿಂದ ಕಷಾಯ ಹೋಗುತ್ತದೆ. ಮದುವೆ ಮಾತ್ರ ಇಲ್ಲ. ಹಕ್ಕಿ ಬೇರೆ, ರಕ್ತ ಬೇರೆ, ಕೂಡಿಸಬಾರದು. ಅಷ್ಟೆ. ಯಾಕೆ ಎಂದು ಕೇಳಿದವರಿಗೆ ಐದೂಕಾಲಿಗೆ ಹೊಸ್ತಿಲ ಮೇಲೆ ಕೂತು ನೋಡು ಎಂದು ಹೇಳುತ್ತಾರೆ.

ನನ್ನ ಹೆಸರು ಗುಲಾಬಿ. ವಯಸ್ಸು ಕೇಳಬೇಡಿ, ನಲವತ್ತೊಂದು. ನನ್ನ ಅಣ್ಣ ಐತಪ್ಪ ಮೇಲ್ಕೇರಿಯ ಗುರಿಕಾರ. ಅಂದರೆ ಕೇರಿಯ ಯಜಮಾನ. ಜಗಳ, ಮದುವೆ, ಮರಣ ಎಲ್ಲದಕ್ಕೂ ಅವನ ಮಾತು ಬೇಕು. ಆ ಗುರಿಕಾರಿಕೆ ಬರುವುದು ಅರಸುಹಕ್ಕಿಯ ಹೆಸರಿನಲ್ಲಿ, ಹಕ್ಕಿಯ ಎಲುಬಿನ ಪೆಟ್ಟಿಗೆ ಇರುವುದು ನಮ್ಮ ಒಳಕೋಣೆಯಲ್ಲಿ. ಅರಸು ಗಂಡು, ಆದ್ದರಿಂದ ಗುರಿಕಾರನೂ ಗಂಡು, ಪೆಟ್ಟಿಗೆಯ ಚಾಕರಿ ಮಾತ್ರ ಹೆಣ್ಣಿನದು. ಎಷ್ಟು ಚಂದದ ಲೆಕ್ಕ ನೋಡಿ! ಅಮ್ಮ ತೀರಿಹೋದಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ನಾನೇ ಎಲುಬುಗಳನ್ನು ಹೊರಗೆ ತೆಗೆದು, ತೆಂಗಿನೆಣ್ಣೆ ಹಚ್ಚಿ, ಅರಿಶಿನ ಪೂಸಿ, ಕೋಳಿಸಾರು ಎಡೆ ಇಟ್ಟು, ಮತ್ತೆ ಕೆಂಪು ಬಟ್ಟೆಯಲ್ಲಿ ಸುತ್ತಿ ಇಡುವುದು. ಅಣ್ಣ ಬಂದು ದೊಡ್ಡ ತೊಡೆಯೆಲುಬಿಗೆ ಹಣೆ ಮುಟ್ಟಿಸಿ, ಮೀಸೆಯೆಲ್ಲ ಎಣ್ಣೆ ಮಾಡಿಕೊಂಡು, ಸಮುದ್ರಕ್ಕೆ ಹಾಲು ಹೊಯ್ಯಲು ಹೋಗುತ್ತಾನೆ.

ಇನ್ನು ಸಂಜೀವನ ವಿಷಯ. ಕೆಳಕೇರಿಯ ಸಂಜೀವ ನೆಲದ ಕೆಲಸದವನು. ನಮ್ಮ ಊರಿನಲ್ಲಿ ನೆಲ ಹಾಕುವುದು ಸುಲಭವಲ್ಲ. ಬೆಳಿಗ್ಗೆ ಹಾಕಿದ ಗಾರೆ ಐದೂಕಾಲಿನೊಳಗೆ ಗಟ್ಟಿಯಾಗಬೇಕು, ಇಲ್ಲದಿದ್ದರೆ ನಡುಮನೆಯಲ್ಲಿ ಸಾಲಾಗಿ ಮೂರು ಬೆರಳಿನ ಗುರುತು. ಇಡೀ ದ್ವೀಪದಲ್ಲಿ ಸಂಜೀವನ ಕೈಯ ಕೆಂಪು ನೆಲಕ್ಕೆ ಒಂದು ಹೆಜ್ಜೆಯೂ ಬಿದ್ದದ್ದಿಲ್ಲ. ನಮ್ಮ ಮನೆಯ ಜಗಲಿಗೆ ಮಾತ್ರ ಮೂರು ಸಲ ಬಿತ್ತು. ಮೊದಲ ಸಲ ಅವನು ನನ್ನನ್ನು ನೋಡುತ್ತಾ ಕೂತು ತಡ ಮಾಡಿದ. ಎರಡನೆಯ ಸಲ ನಾನು ಅವನಿಗೆ ಮಜ್ಜಿಗೆ ಕೊಡುತ್ತಾ ತಡ ಮಾಡಿದೆ. ಮೂರನೆಯ ಸಲ ನಾಲ್ಕೂವರೆಗೆ ನಾನೇ ಒಂದು ಬಕೆಟ್ ನೀರು ಚೆಲ್ಲಿದೆ. "ಇವನಂಥ ದರಿದ್ರ ಕೆಲಸದವನನ್ನು ನಾನು ನೋಡಿಲ್ಲ" ಎಂದು ಅಣ್ಣ ಬೈದ. ಪಾಪ, ಸಂಜೀವ ತಲೆ ಬಗ್ಗಿಸಿ ಬೈಸಿಕೊಂಡ. ಅದಾಗಿ ಹದಿನಾಲ್ಕು ವರ್ಷ.

ಆಗಲೇ ನಾನು ಅಣ್ಣನ ಹತ್ತಿರ ಹೇಳಿದ್ದೆ, ನನಗೆ ಸಂಜೀವನೇ ಬೇಕು ಎಂದು. ಅಣ್ಣ ಒಂದೇ ಮಾತು ಹೇಳಿದ್ದು: "ಹಕ್ಕಿ ಬೇರೆ." ಮರುವರ್ಷ ಕೇಳಿದೆ. "ಹಕ್ಕಿ ಬೇರೆ." ಹೀಗೆ ವರ್ಷಕ್ಕೊಮ್ಮೆ ಕೇಳುವುದು, ಅವನು ಹಕ್ಕಿ ಬೇರೆ ಎನ್ನುವುದು, ನಾನು ಎರಡು ದಿನ ಪಾತ್ರೆ ಕುಕ್ಕುವುದು. ಮೇಲ್ಕೇರಿಯಿಂದ ನಾಲ್ಕು ಸಂಬಂಧ ಬಂದವು, ನಾಲ್ವರನ್ನೂ ಓಡಿಸಿದೆ. ಸಂಜೀವನಿಗೆ ಕೆಳಗೆ ಎಷ್ಟು ಬಂದವೋ, ಅವನೂ ಒಪ್ಪಲಿಲ್ಲ. ಅತ್ತಿಗೆ ಕಮಲಾಕ್ಷಿ ಎಲ್ಲವನ್ನೂ ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಅವರು ಮೊದಲೇ ಮಾತು ಕಡಿಮೆ. ಮದುವೆಯಾಗಿ ಬಂದ ಮೇಲೆ ಅವರು ಆಡಿದ ಮಾತನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಆಡಿ ಮುಗಿಸಬಹುದಿತ್ತು.

ಹೀಗಿರುವಾಗ ದೋಣಿಯಿಂದ ಡಾಕ್ಟರ್ ಸುಲಭಾ ಕುಲಕರ್ಣಿ ಇಳಿದರು. ಬಯಲುಸೀಮೆಯ ಹೆಂಗಸು, ದಪ್ಪ ಕನ್ನಡಕ, ಹೆಗಲಿಗೆ ಎರಡು ಪೆಟ್ಟಿಗೆ. ಡಾಕ್ಟರ್ ಅಂದ ಕೂಡಲೇ ಊರಿನ ಅರ್ಧ ಜನ ಮಂಡಿನೋವು ಹಿಡಿದುಕೊಂಡು ಸಾಲು ನಿಂತರು. "ನಾ ಆ ಡಾಕ್ಟರಲ್ರೀ" ಎಂದು ಅವರು ಕೈ ಮುಗಿದರು. "ನಾ ಸತ್ತ ಹಕ್ಕಿ ಡಾಕ್ಟರು." ಜನಕ್ಕೆ ಸ್ವಲ್ಪ ಬೇಜಾರಾಯಿತು, ಆದರೂ ಸತ್ತ ಹಕ್ಕಿಯ ಮಟ್ಟಿಗೆ ನಮ್ಮ ಊರಿಗಿಂತ ಒಳ್ಳೆಯ ಊರು ಅವರಿಗೆ ಎಲ್ಲಿ ಸಿಗಬೇಕು? ಸಂಜೆ ಐದೂಕಾಲಿಗೆ ಅವರನ್ನೂ ಗೋಡೆಬದಿಗೆ ನಿಲ್ಲಿಸಿದೆವು. ಹೆಜ್ಜೆ ಧಪ್ ಧಪ್ ಎಂದು ಹೋಯಿತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಇದನ್ನ ನಾ ವರದಿಯೊಳಗ ಬರಿಯೂದಿಲ್ರೀ, ಕೆಲಸಾ ಕಳಕೋತೀನಿ" ಎಂದರು. ಜಾಣೆ.

ಅವರಿಗೆ ಬೇಕಾದದ್ದು ಎಲುಬಿನ ಪುಡಿ. ಒಂದು ಚಿಟಿಕೆ, ನಶ್ಯದಷ್ಟು. "ಹಳೇ ಎಲುಬಿನೊಳಗ ಜೀವದ ಬರಹ ಉಳದಿರ್ತದ್ರಿ. ಡಿಎನ್‌ಎ ಅಂತಾರ. ಇಡಿಯಾಗಿ ಇರೂದಿಲ್ಲ, ಹರದ ಕಾಗದದಂಗ ಚೂರು ಚೂರು ಆಗಿರ್ತದ. ಅದನ್ನ ಜೋಡಿಸಿ ಓದಿದ್ರ ಈ ಹಕ್ಕಿ ಯಾರ ಪೈಕಿ, ಎಲ್ಲಿಂದ ಬಂತು, ಹೆಂಗ ಬದಲಾತು, ಎಲ್ಲಾ ತಿಳೀತದ" ಎಂದು ಅವರು ಎರಡು ಕೇರಿಯ ನಡುವಿನ ಅಶ್ವತ್ಥಕಟ್ಟೆಯಲ್ಲಿ ನಿಂತು ವಿವರಿಸಿದರು.

ಎಲುಬಿಗೆ ತೂತು ಹಾಕುವುದು ಎಂದರೆ ಅಣ್ಣ ಕೊಡುವವನೇ ಅಲ್ಲ. ಆದರೆ ಕೆಳಕೇರಿಯ ಹಿರಿಯ ಕೊಗ್ಗಜ್ಜ ಎದ್ದು, "ನಮ್ಮ ದಳವಾಯಿಯ ಎಲುಬು ತಕೊಳ್ಳಿ ಅಮ್ಮ. ನಾವು ಹೆದರುವವರಲ್ಲ. ಯಾರದ್ದು ಮೂಲ ಹಕ್ಕಿ ಅಂತ ಒಮ್ಮೆ ಗೊತ್ತಾಗಲಿ" ಎಂದುಬಿಟ್ಟರು. ಅಷ್ಟು ಸಾಕಾಯಿತು. ಅಣ್ಣನ ಮೀಸೆ ಎದ್ದು ನಿಂತಿತು. "ಬರವಣಿಗೆಯಲ್ಲಿ ಕೊಡ್ತೀರಾ? ಅರಸು ಬೇರೆ, ದಳವಾಯಿ ಬೇರೆ, ಅರಸು ದೊಡ್ಡದು ಅಂತ? ಸಹಿ, ಮೊಹರು ಹಾಕಿ?" ಎಂದು ಡಾಕ್ಟರನ್ನು ಕೇಳಿದ. ಏನು ಸಿಗುತ್ತದೋ ಅದನ್ನು ಬರೆದುಕೊಡುತ್ತೇನೆ ಎಂದರು ಅವರು. ಅಣ್ಣ ಅಂದೇ ಬಡಗಿಯ ಹತ್ತಿರ ಆ ಪತ್ರಕ್ಕೆಂದು ಗಾಜಿನ ಕಟ್ಟು ಮಾಡಿಸಿ, ಖಾಲಿ ಕಟ್ಟನ್ನು ಜಗಲಿಯ ಗೋಡೆಗೆ ತೂಗುಹಾಕಿದ.

ಡಾಕ್ಟರಿಗೆ ಹಳೆಯ ಉಪ್ಪಿನ ಗೋದಾಮು ಕೊಟ್ಟೆವು. ಧೂಳು ಇರಬಾರದು ಎಂದದ್ದಕ್ಕೆ ಸಂಜೀವ ಹೋಗಿ ನೆಲ, ಗೋಡೆ ಎಲ್ಲ ಗಿಲಾವು ಮಾಡಿಕೊಟ್ಟ. ಅವರು ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಮೂಗಿಗೆ ಬಟ್ಟೆ, ಎರಡೆರಡು ಕೈಗವಸು ಹಾಕಿಕೊಂಡು ಒಳಗೆ ಹೋದರೆ ಅವರೇ ಒಂದು ಹಕ್ಕಿಯಂತೆ ಕಾಣುತ್ತಿದ್ದರು. ಮನುಷ್ಯರ ಉಸಿರು ತಾಗಿದರೂ ಎಲುಬಿನ ಓದು ಕೆಡುತ್ತದಂತೆ. ನಾನು ಪೆಟ್ಟಿಗೆ ತಂದು ಮುಚ್ಚಳ ತೆಗೆದೆ. ಅವರು ಒಂದು ಎಲುಬು ಎತ್ತಿ ನೋಡಿದರು. ಅದು ಅವರ ಕೈಯಿಂದ ಜಾರಿತು. ಅಷ್ಟು ಎಣ್ಣೆ.

"ಏನು ಹಚ್ಚೀರಿ ಇದಕ್ಕ?" ಎಂದು ಕೇಳಿದರು.

ಹೆಮ್ಮೆಯಿಂದಲೇ ಹೇಳಿದೆ. ಎಣ್ಣೆ, ಅರಿಶಿನ, ಕೋಳಿಸಾರು, ಅಣ್ಣನ ಹಣೆ. ಮುನ್ನೂರು ವರ್ಷದಿಂದ ಒಂದು ಅಮಾವಾಸ್ಯೆಯೂ ತಪ್ಪಿಲ್ಲ. ಡಾಕ್ಟರು ಅಲ್ಲೇ ಇದ್ದ ಉಪ್ಪಿನ ಮೂಟೆಯ ಮೇಲೆ ಕೂತುಬಿಟ್ಟರು. "ಅಯ್ಯೋ ತಂಗೀ" ಎಂದರು. ಮೊದಲ ಸಲ ಪರೀಕ್ಷೆಗೆ ಕಳಿಸಿದ ಪುಡಿಯಲ್ಲಿ ಸಿಕ್ಕಿದ್ದು ತೆಂಗು, ಅರಿಶಿನ, ಸಾರಿನ ಕೋಳಿ ಮತ್ತು ಮುಟ್ಟಿದ ಮನುಷ್ಯರು. ಹಕ್ಕಿಯ ಸುಳಿವಿಲ್ಲ. ಆಮೇಲೆ ಅವರು ಎಲುಬಿನ ಮೇಲ್ಪದರ ಹೆರೆದು ತೆಗೆದು, ತೀರಾ ಒಳಗಿನಿಂದ ಪುಡಿ ತೆಗೆದರು. ಜೊತೆಗೆ, ಮುಟ್ಟಿದವರದ್ದನ್ನು ಬೇರ್ಪಡಿಸಬೇಕು ಎಂದು ನನ್ನ, ಅಣ್ಣನ, ಗೋದಾಮಿನಲ್ಲಿ ಕೆಲಸ ಮಾಡಿದವರ, ಎಲ್ಲರ ಕೆನ್ನೆಯ ಒಳಗೆ ಹತ್ತಿಕಡ್ಡಿ ತಿರುಗಿಸಿ ಎಂಜಲು ತೆಗೆದುಕೊಂಡರು. ಸಂಜೀವ ಬಾಯಿ ತೆರೆದು ನಿಂತದ್ದನ್ನು ನೋಡಿದಾಗ ನನ್ನ ಎದೆ ಧಸಕ್ಕೆಂದಿತು.

ಯಾಕೆಂದು ಹೇಳುತ್ತೇನೆ. ಆರು ವರ್ಷದ ಹಿಂದೆ ಒಂದು ಅಮಾವಾಸ್ಯೆ, ಅದೇ ಎಣ್ಣೆಯ ದೆಸೆಯಿಂದ, ದೊಡ್ಡ ತೊಡೆಯೆಲುಬು ನನ್ನ ಕೈಯಿಂದ ಬಿದ್ದು ಎರಡು ತುಂಡಾಗಿತ್ತು. ಅಣ್ಣ ಸಮುದ್ರಕ್ಕೆ ಹೋಗಿದ್ದ. ನಾನು ಓಡಿಹೋಗಿ ಸಂಜೀವನನ್ನು ಕರೆತಂದೆ. ಅವನು ಸುಣ್ಣ, ಬೆಲ್ಲ ಅರೆದು ಗೊತ್ತೇ ಆಗದ ಹಾಗೆ ಬೆಸೆದುಕೊಟ್ಟ. ಕಿರಿಹೆಜ್ಜೆಯವನು ಅರಸುಹಕ್ಕಿಯ ಎಲುಬು ಮುಟ್ಟುವುದೆಂದರೆ ಊರು ಬಿಡಿಸುವಷ್ಟು ದೊಡ್ಡ ತಪ್ಪು. ಅದು ಒಂದು ಸಲಕ್ಕೆ ಮುಗಿಯಲಿಲ್ಲ. ಬೆಸುಗೆ ಗಟ್ಟಿಯಾಗಿದೆಯೋ ಇಲ್ಲವೋ ನೋಡಬೇಡವೇ? ಹಾಗಾಗಿ ಪ್ರತಿ ಅಮಾವಾಸ್ಯೆಗೆ ಬಂದು ನೋಡುತ್ತಿದ್ದ. ಆರು ವರ್ಷ ನೋಡಿದ. ಒಂದು ಗಳಿಗೆ ಎಲುಬು ನೋಡುವುದು, ಒಂದು ಗಂಟೆ ನಾವು ಮಾತಾಡುವುದು. ಅಡುಗೆಮನೆಯಲ್ಲಿ ಅತ್ತಿಗೆ ಕೋಳಿಸಾರನ್ನು ನಿಧಾನಕ್ಕೆ, ತೀರಾ ನಿಧಾನಕ್ಕೆ ಕುದಿಸುತ್ತಿದ್ದರು.

ಪರೀಕ್ಷೆಯ ಫಲಿತಾಂಶ ಬರಲು ಏಳು ತಿಂಗಳು ಹಿಡಿಯಿತು. ಡಾಕ್ಟರು ಮತ್ತೆ ದೋಣಿಯಿಂದ ಇಳಿದ ದಿನ ಇಡೀ ಊರು ಕಟ್ಟೆಯ ಹತ್ತಿರ ಸೇರಿತು. ಮೇಲ್ಕೇರಿಯವರು ಬಲಕ್ಕೆ, ಕೆಳಕೇರಿಯವರು ಎಡಕ್ಕೆ. ಅಣ್ಣ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಗಾಜಿನ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದೆ ಕೂತಿದ್ದ. ನಾನು ಹೆಂಗಸರ ನಡುವೆ ಅತ್ತಿಗೆಯ ಪಕ್ಕದಲ್ಲಿದ್ದೆ.

"ಮೊದಲ ಒಂದು ಮಾತು ಹೇಳ್ಬೇಕು" ಎಂದು ಡಾಕ್ಟರು ಶುರು ಮಾಡಿದರು. ಅವರಿಗೆ ನಮ್ಮ ಊರಿನ ಒಳಗುಟ್ಟು ಎಲ್ಲಿ ಗೊತ್ತು, ಪಾಪ. "ಮೇಲ್ಕೇರಿ ಎಲುಬಿನ ಮ್ಯಾಲೆ ಹಕ್ಕಿಗಿಂತ ಮನಷ್ಯಾರು ಭಾಳ ಇದ್ರು. ಎಲ್ಲಾ ತೆಗೆದು ಹಾಕೇನಿ. ಗುಲಾಬಿಯವರದು ಎಲ್ಲಾಕಿಂತ ಹೆಚ್ಚು. ಐತಪ್ಪನವರದು ಸ್ವಲ್ಪ, ಮೀಸೀ ಕೂದಲ ಸಮೇತ. ಆಮ್ಯಾಲೆ ಸಂಜೀವ ಅವರದು. ಅವರದು ಭಾಳನ ಅದ. ಬರೇ ತೊಡೀ ಎಲುಬಿನ ಮ್ಯಾಲೆ."

ಅಣ್ಣ ನಿಧಾನಕ್ಕೆ ತಿರುಗಿ ಮೊದಲು ಸಂಜೀವನನ್ನು ನೋಡಿದ, ಆಮೇಲೆ ನನ್ನನ್ನು. "ಇವ ನಮ್ಮ ಒಳಕೋಣೆಗೆ ಬಂದದ್ದು ಯಾವಾಗ?" ಎಂದು ಕೇಳಿದ.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? "ಎಲುಬು ಮುರಿದದ್ದು ನಾನು. ಸರಿ ಮಾಡಿದ್ದು ಅವನು. ಇಲ್ಲದಿದ್ರೆ ನೀನು ಇಷ್ಟು ವರ್ಷ ಎರಡು ತುಂಡು ಎಲುಬಿಗೆ ಹಣೆ ಮುಟ್ಟಿಸ್ತಾ ಇದ್ದೆ" ಎಂದೆ.

ಗುಲ್ಲೆದ್ದಿತು. ಮೇಲ್ಕೇರಿಯವರು ಊರು ಬಿಡಿಸಿ ಎಂದರು. ಕೆಳಕೇರಿಯವರು ಯಾರ ಊರು ಯಾರು ಬಿಡಿಸುವುದು ಎಂದರು. ಅಣ್ಣ ಎದ್ದು ನಿಂತ. ಡಾಕ್ಟರು ಕೈ ಎತ್ತಿ, "ಇನ್ನ ಮುಗಿದಿಲ್ರೀ! ಹಕ್ಕಿ ವಿಷಯ ಇನ್ನ ಹೇಳೇ ಇಲ್ಲ!" ಎಂದು ಕೂಗಿದರು. ಹಕ್ಕಿ ಎಂದ ಮೇಲೆ ಎಲ್ಲರೂ ಕೂರಲೇಬೇಕಾಯಿತು. ಅಣ್ಣನೂ ಕೂತ, ಆದರೆ ಕಣ್ಣು ನನ್ನ ಮೇಲಿಂದ ತೆಗೆಯಲಿಲ್ಲ.

"ಲಕ್ಷಗಟ್ಟಲೆ ವರ್ಷದ ಹಿಂದ ನಾಕೈದು ಸಣ್ಣ ಹಕ್ಕಿ ಗಾಳಿಗೆ ಸಿಕ್ಕು ಹಾರಿಕೋತ ಈ ದ್ವೀಪಕ್ಕ ಬಂದು ಬಿದ್ವು" ಎಂದು ಅವರು ಹೇಳತೊಡಗಿದರು. "ನಿಮ್ಮ ಹಕ್ಕಿಗೆ ಈಗ ಬದುಕಿರೋವ್ರೊಳಗ ಭಾಳ ಹತ್ತಿರದ ಸಂಬಂಧಿ ಅಂದ್ರ ಹುಂಡುಕೋಳಿ."

"ಗದ್ದೆ ಚರಂಡಿಯಲ್ಲಿ ಓಡಾಡುವ ಹುಂಡುಕೋಳಿಯಾ?" ಅಣ್ಣನಿಗೆ ನನ್ನ ಮೇಲಿನ ಸಿಟ್ಟು ಒಂದು ಕ್ಷಣ ಮರೆತುಹೋಯಿತು.

"ಅದ ರೀ. ಇಲ್ಲಿ ಬಂದ ಮ್ಯಾಲೆ ನೋಡ್ತಾವ, ನರಿ ಇಲ್ಲ, ಬೆಕ್ಕಿಲ್ಲ, ಅಟ್ಟಿಸಿಕೊಂಡು ಬರೋವ್ರು ಯಾರೂ ಇಲ್ಲ. ಹಾರೂದು ಯಾಕ? ತಿಂದ್ವು, ತಿರುಗಿದ್ವು. ತಲಿಮಾರು ಹೋದಂಗ ಕಾಲು ದಪ್ಪಾದ್ವು, ರೆಕ್ಕಿ ಸಣ್ಣಾದ್ವು, ಮೈ ಬೆಳೀತು."

"ನಮ್ಮ ಪೋಸ್ಟ್‌ಮಾಸ್ಟರರ ಹಾಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಪೋಸ್ಟ್‌ಮಾಸ್ಟರರೂ ನಕ್ಕರು, ಬೇರೆ ದಾರಿ ಇರಲಿಲ್ಲ.

ಕೊಗ್ಗಜ್ಜ ಊರುಗೋಲು ಕುಟ್ಟಿದರು. "ಅದು ಯಾವ ಹಕ್ಕಿ ಅಮ್ಮ? ಅರಸುವಾ, ದಳವಾಯಿಯಾ? ಮೊದಲು ಬಂದದ್ದು ಯಾವುದು?"

"ಅದನ್ನ ಹೇಳ್ಬೇಕಂತ ಬಂದೇನಿ. ಎರಡು ಹಕ್ಕಿ ಇಲ್ರೀ ಅಜ್ಜಾರ. ಒಂದೇ ಜಾತಿ. ಹೆಣ್ಣು ಹಕ್ಕಿ ಮೈಯಾಗ ಒಂದು ತುಣುಕು ಬರಹ ಇರ್ತದ, ಗಂಡಿನ ಮೈಯಾಗ ಅದು ಇರೂದಿಲ್ಲ. ಮೇಲ್ಕೇರಿ ಹನ್ನೊಂದು ಎಲುಬಿನಾಗೂ ಆ ತುಣುಕು ಅದ. ಕೆಳಕೇರಿ ಒಂಬತ್ತರಾಗ ಒಂದರಾಗೂ ಇಲ್ಲ. ದೊಡ್ಡದು ಹೆಣ್ಣು. ಸಣ್ಣದು ಗಂಡು. ಗಂಡ ಹೆಂಡ್ತಿ."

ಅಣ್ಣನ ಬಾಯಿ ತೆರೆದದ್ದು ಹಾಗೇ ಇತ್ತು. "ಅರಸು..." ಎಂದ. "ಹೇಂಟೆಯಾ?"

ಕೆಳಕೇರಿಯ ಕಡೆಯಿಂದ ಎದ್ದ ನಗು ಇದೆಯಲ್ಲ, ಅದು ಸಮುದ್ರದ ಆಚೆಗೂ ಕೇಳಿಸಿರಬೇಕು. ಕೊಗ್ಗಜ್ಜ ಹಲ್ಲಿಲ್ಲದ ಬಾಯಿ ಅಗಲ ಮಾಡಿ, ತೊಡೆ ತಟ್ಟಿ ತಟ್ಟಿ ನಕ್ಕರು. ಡಾಕ್ಟರು ಇನ್ನೊಂದು ಹಾಳೆ ತಿರುವಿದರು. "ಕೆಳಕೇರಿ ದಂಡಿ ಮ್ಯಾಲೆ ಸಿಕ್ಕ ಮೊಟ್ಟೀ ಚಿಪ್ಪನೂ ಪರೀಕ್ಷಾ ಮಾಡೇನ್ರಿ. ಚಿಪ್ಪಿನ ಹೊರಗ ಬರೇ ಗಂಡಿನ ಗುರುತು. ಅಂದ್ರ ಹೆಣ್ಣು ಮೊಟ್ಟಿ ಇಟ್ಟು ಗುಡ್ಡಾ ಏರಿ ಹೋಗ್ತಿತ್ತು, ಗಂಡು ಕೆಳಗ ಕುಂತು ಕಾವು ಕೊಡ್ತಿತ್ತು."

ಕೊಗ್ಗಜ್ಜನ ನಗು ಅರ್ಧಕ್ಕೆ ನಿಂತಿತು. "ದಳವಾಯಿ ಮೊಟ್ಟೆಯ ಮೇಲೆ ಕೂತದ್ದಾ?"

"ಎರಡು ತಿಂಗಳು ಎದ್ದಿರ್ಲಿಕ್ಕಿಲ್ಲ."

ಈಗ ನಗುವ ಸರದಿ ನಮ್ಮದು. ಮೇಲ್ಕೇರಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು, ಕೆಳಕೇರಿಯ ಹೆಂಗಸರು ಸೆರಗು ಹಿಡಿಯದೆಯೇ ನಕ್ಕರು. ನಾನು ಮಾತ್ರ ನಗಲಿಲ್ಲ. ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಹಕ್ಕಿ ಬೇರೆ ಅಲ್ಲ. ಹದಿನಾಲ್ಕು ವರ್ಷದಿಂದ ಕೇಳಿದ ಆ ಒಂದು ಮಾತು ಸುಳ್ಳು. ಕಣ್ಣೆತ್ತಿ ನೋಡಿದರೆ ಸಂಜೀವ ಆಗಲೇ ಎದ್ದು ನಿಂತಿದ್ದ. ಜನ್ಮದಲ್ಲಿ ಸಭೆಯಲ್ಲಿ ಬಾಯಿ ಬಿಡದವನು, ಕೈ ಕಟ್ಟಿಕೊಂಡು, "ಗುರಿಕಾರರೇ, ಎಲುಬು ಮುಟ್ಟಿದ್ದು ತಪ್ಪೇ. ಎಂತ ದಂಡ ಹಾಕಿದರೂ ಆಯಿತು. ಆದರೆ ಹಕ್ಕಿ ಒಂದೇ ಅಂತ ಆಯ್ತಲ್ಲ. ಗುಲಾಬಿಯನ್ನು ನನಗೆ ಕೊಡಿ" ಎಂದ.

ಆಗ ಒಂದು ವಿಚಿತ್ರ ನಡೆಯಿತು. ಮುನ್ನೂರು ವರ್ಷದಲ್ಲಿ ಒಂದೇ ಒಂದು ವಿಷಯಕ್ಕೂ ಒಪ್ಪದ ಎರಡು ಕೇರಿಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಗ್ಗಜ್ಜ ಎದ್ದು ಬಂದು ಅಣ್ಣನ ಪಕ್ಕ ಕೂತರು. ಇಬ್ಬರೂ ಪಿಸಿಪಿಸಿ ಮಾತಾಡಿದರು. ಆಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡು, "ಇಷ್ಟು ದಿನ ಹಕ್ಕಿ ಬೇರೆ, ಅದಕ್ಕೆ ಮದುವೆ ಆಗ್ತಿರಲಿಲ್ಲ. ಈಗ ಹಕ್ಕಿ ಒಂದೇ ಅಂತ ಆಯ್ತು. ಒಂದೇ ಹಕ್ಕಿ ಅಂದ್ರೆ ಒಂದೇ ವಂಶ. ಒಂದೇ ವಂಶದವರು ಅಣ್ಣ ತಂಗಿ ಲೆಕ್ಕ. ಆದ್ದರಿಂದ ಈಗಲೂ ಆಗ್ಲಿಕ್ಕಿಲ್ಲ" ಎಂದ.

"ಸರಿಯಾದ ಮಾತು" ಎಂದರು ಕೊಗ್ಗಜ್ಜ.

ಡಾಕ್ಟರು ಕನ್ನಡಕ ತೆಗೆದರು. ಸಂಜೀವನ ಮುಖ ಸುಣ್ಣವಾಯಿತು. ನನಗೆ ಕಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಬೇರೆ ಆದರೂ ಆಗಬಾರದು, ಒಂದೇ ಆದರೂ ಆಗಬಾರದು! ಹಾಗಾದರೆ ನಾನು ಸಾಯುವವರೆಗೆ ಎಲುಬಿಗೆ ಎಣ್ಣೆ ಹಚ್ಚುತ್ತಾ ಕೂರಬೇಕು! ಹೆಂಗಸರ ಸಾಲಿನಿಂದ ಎದ್ದು ನೇರ ಕಟ್ಟೆಯ ಎದುರಿಗೆ ಹೋಗಿ ನಿಂತೆ.

"ಆಯ್ತು ಅಣ್ಣ, ನಿನ್ನ ಲೆಕ್ಕವೇ ಹಿಡಿಯುವಾ. ಅತ್ತಿಗೆ ಯಾವ ಕೇರಿ?"

"ಮೇಲ್ಕೇರಿ. ಗೊತ್ತಿಲ್ವಾ ನಿನಗೆ?"

"ನೀನು ಯಾವ ಕೇರಿ?"

"ಎಂತ ಮಾತು ಅಂತ ಆಡ್ತೀಯ?"

"ಇಬ್ರೂ ಹಿರಿಹೆಜ್ಜೆ. ಹಿರಿಹೆಜ್ಜೆ ಅಂದ್ರೆ ಹೇಂಟೆ ಅಂತ ಡಾಕ್ಟರು ಈಗಷ್ಟೆ ಹೇಳಿದ್ರು. ಹಾಗಾದ್ರೆ ನಿಮ್ಮದು ಹೇಂಟೆಗೂ ಹೇಂಟೆಗೂ ಆದ ಮದುವೆ. ಕೊಗ್ಗಜ್ಜ, ನೀವೂ ನಗಬೇಡಿ. ನಿಮ್ಮ ಕೇರಿಯಲ್ಲಿ ಮುನ್ನೂರು ವರ್ಷದಿಂದ ಹುಂಜಕ್ಕೂ ಹುಂಜಕ್ಕೂ ಮದುವೆ ಮಾಡಿದ್ದೀರಿ. ಇಡೀ ದ್ವೀಪದಲ್ಲಿ ಸರಿಯಾದ ಜೋಡಿ ಅಂತ ಇದ್ರೆ ನಾವಿಬ್ರೇ, ನಾನು ಮತ್ತೆ ಸಂಜೀವ. ನಮಗೇ ಆಗುವುದಿಲ್ಲ ಅಂತೀರಾ? ನಾಚಿಕೆ ಆಗೂದಿಲ್ವಾ?"

ಜನ ನಗಬೇಕೋ ಬೇಡವೋ ಎಂದು ತಿಳಿಯದೆ ಒದ್ದಾಡಿದರು. ಗಂಡ ಹೆಂಡಿರು ಒಬ್ಬರನ್ನೊಬ್ಬರು ಹೊಸದಾಗಿ ನೋಡತೊಡಗಿದರು. ಪೋಸ್ಟ್‌ಮಾ‌ಸ್ಟರರು ಹೆಂಡತಿಯಿಂದ ಒಂದು ಗೇಣು ದೂರ ಸರಿದು ಕೂತದ್ದನ್ನು ನಾನೇ ಕಣ್ಣಾರೆ ಕಂಡೆ. ಅಣ್ಣ ಮೀಸೆಯ ಮೇಲೆ ಕೈ ಹಾಕಿ, "ಗುರಿಕಾರ ನಾನು. ನಾನು ಆಗೂದಿಲ್ಲ ಅಂದ ಮೇಲೆ ಮುಗೀತು" ಎಂದ.

"ಮುಗೀಲಿಲ್ಲ" ಎಂದಿತು ಒಂದು ದನಿ.

ಯಾರದೆಂದು ಮೊದಲು ಯಾರಿಗೂ ತಿಳಿಯಲಿಲ್ಲ, ಅಷ್ಟು ಅಪರೂಪದ ದನಿ. ಅತ್ತಿಗೆ ಎದ್ದು ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಲ್ಲಗೆ ನಡೆದು ಬಂದು, "ಡಾಕ್ಟರಮ್ಮ, ನಮ್ಮ ಹಕ್ಕಿ ಹೆಣ್ಣು ಅಂತ ನಿಶ್ಚಯ ಅಲ್ವಾ?" ಎಂದು ಕೇಳಿದರು.

"ಹನ್ನೊಂದಕ್ಕ ಹನ್ನೊಂದು ರೀ."

"ಹಾಗಾದ್ರೆ ನೋಡಿ" ಎಂದು ಅತ್ತಿಗೆ ಅಣ್ಣನ ಕಡೆ ತಿರುಗಿದರು. "ಗುರಿಕಾರಿಕೆ ಹಕ್ಕಿಯ ಹೆಸರಿನದ್ದು. ಹಕ್ಕಿ ಗಂಡು, ಅದಕ್ಕೆ ಗುರಿಕಾರ ಗಂಡು ಅಂತ ನೀವೇ ನನಗೆ ಮದುವೆಯ ಮರುದಿನ ಹೇಳಿದ್ದು. ಈಗ ಹಕ್ಕಿ ಹೆಣ್ಣು. ಅಂದ ಮೇಲೆ ಮನೆಯ ಹಿರಿ ಹೆಂಗಸಿಗೆ ಬರಬೇಕಾದದ್ದು. ಅದು ನಾನು. ಇವರೇ, ಸ್ವಲ್ಪ ಆಚೆ ಸರಿಯಿರಿ."

ಅಣ್ಣ ಸರಿದ. ಏನೂ ತೋಚದೆ ಸರಿದದ್ದು. ಅತ್ತಿಗೆ ಗುರಿಕಾರನ ಮಣೆಯ ಮೇಲೆ ಕೂತು, ಸೀರೆಯ ನೆರಿಗೆ ಸರಿಮಾಡಿಕೊಂಡು, "ಗುಲಾಬಿಗೂ ಸಂಜೀವನಿಗೂ ಮದುವೆ. ಬರುವ ಹುಣ್ಣಿಮೆಗೆ. ಎಲುಬು ಮುಟ್ಟಿದ ದಂಡಕ್ಕೆ ಸಂಜೀವ ನಮ್ಮ ಅಡುಗೆಮನೆಗೆ ಹೊಸ ನೆಲ ಹಾಕಬೇಕು. ಈ ಸಲ ಸರಿಯಾಗಿ" ಎಂದರು. ಅಷ್ಟು ಹೇಳಿ ಬಾಯಿ ಮುಚ್ಚಿದರು. ಮೇಲ್ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಅವರ ಹಿಂದೆ ನಿಂತರು. ಕೆಳಕೇರಿಯ ಹೆಂಗಸರೂ ಬಂದರು. ಕೊಗ್ಗಜ್ಜ ಆ ಸಾಲನ್ನು ಎಣಿಸಿ ನೋಡಿ, ತನಗೂ ಮೊದಲಿಂದ ಇದೇ ಅಭಿಪ್ರಾಯ ಇತ್ತು ಎಂದರು.

ನಾನು ಕಟ್ಟೆಯ ಎದುರಿಗೇ ಕೂತು ಗೊಳೋ ಎಂದು ಅತ್ತೆ. ಹದಿನಾಲ್ಕು ವರ್ಷ ಪಾತ್ರೆ ಕುಕ್ಕಿದವಳಿಗೆ ಅಳು ಎಲ್ಲಿತ್ತೋ ಗೊತ್ತಿಲ್ಲ. ಸಂಜೀವ ಹತ್ತಿರ ಬಂದು ನಿಂತ. "ಅಡುಗೆಮನೆಗೆ ಕೆಂಪು ಹಾಕುವುದಾ, ಕಪ್ಪಾ?" ಎಂದು ಕೇಳಿದ. ಅಳುತ್ತಲೇ ನಕ್ಕೆ.

ಮರುದಿನ ಬೆಳಿಗ್ಗೆ ನಾನು ಚಹಾ ಕಾಯಿಸುವಾಗ ಅಣ್ಣ ಅಡುಗೆಮನೆಗೆ ಬಂದು ಬಾಗಿಲ ಹತ್ತಿರ ನಿಂತ. ಗುರಿಕಾರಿಕೆ ಹೋದದ್ದಕ್ಕೆ ಜಗಳ ತೆಗೆಯುತ್ತಾನೆ ಎಂದುಕೊಂಡು ನಾನೂ ತಯಾರಾಗಿಯೇ ನಿಂತೆ. ಅವನು ಜಗಳ ತೆಗೆಯಲಿಲ್ಲ. ನೆಲ ನೋಡುತ್ತಾ, "ಸಂಜೀವ ಒಳ್ಳೆಯವನು. ಅದು ನನಗೆ ಮೊದಲಿಂದ ಗೊತ್ತು" ಎಂದ.

"ಮತ್ತೆ ಯಾಕೆ ಬೇಡ ಅಂದದ್ದು?"

"ಅಮ್ಮ ಹೋದಾಗ ನೀನು ಇಷ್ಟುದ್ದ ಇದ್ದೆ." ಅವನು ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದ. "ನಿನ್ನ ತಲೆ ಬಾಚಲಿಕ್ಕೆ ಕಲಿತದ್ದು ನಾನು. ಎರಡು ಜಡೆ. ನೀನು ಹೋದ್ರೆ ಈ ಮನೆಯಲ್ಲಿ ನನ್ನ ಹತ್ತಿರ ಜಗಳ ಮಾಡ್ಲಿಕ್ಕೆ ಯಾರಿದ್ದಾರೆ? ಕಮಲಾಕ್ಷಿ ಮಾತೇ ಆಡೂದಿಲ್ಲ. ನಿನ್ನೆಯವರೆಗೆ ಆಡ್ತಿರಲಿಲ್ಲ. ಹಾಗಂತ ಹೇಳ್ಲಿಕ್ಕೆ ಆಗ್ತದಾ? ಹಕ್ಕಿ ಬೇರೆ ಅಂತ ಹೇಳಿದೆ."

ಚಹಾ ಉಕ್ಕಿ ಒಲೆಯ ಮೇಲೆ ಸುರಿಯಿತು. ನಾನು ಇಳಿಸಲಿಲ್ಲ. ಸಿಟ್ಟು ಬಂತು, ಎಷ್ಟು ಬಂತೆಂದರೆ ಕೈಯಲ್ಲಿದ್ದ ಸೌಟಿನಿಂದ ಅವನ ತಲೆಗೆ ಒಂದು ಕೊಡಬೇಕು ಎನಿಸಿತು. ಹದಿನಾಲ್ಕು ವರ್ಷ! ಸತ್ತ ಹಕ್ಕಿಯ ಜೊತೆ ಗುದ್ದಾಡಿದೆನಲ್ಲ ನಾನು, ದಿನಾ ಎದುರಿಗೆ ಕೂತು ಗಂಜಿ ಉಣ್ಣುವವನನ್ನು ಬಿಟ್ಟು. ಮರುಕ್ಷಣ ನೋಡಿದರೆ ಅವನ ಮೀಸೆಯ ತುದಿ ನಡುಗುತ್ತಿತ್ತು. ಸೌಟು ಕೆಳಗಿಟ್ಟೆ.

"ಇಲ್ಲಿಂದ ಕೆಳಕೇರಿಗೆ ನೂರ ಇಪ್ಪತ್ತು ಮೆಟ್ಟಿಲು ಅಣ್ಣ" ಎಂದೆ. "ನಿನಗೆ ಜಗಳ ಬೇಕಾದಾಗೆಲ್ಲ ಇಳಿದು ಬರ್ಲಿಕ್ಕೆ ಆಗ್ತಿರಲಿಲ್ವಾ? ಅಷ್ಟು ಹೇಳಿದ್ದರೆ ಸಾಕಿತ್ತಲ್ಲ ಮಾರಾಯ."